ಕಣ್ಣು ಮುಚ್ಚಿ ಕೇಳಿ: ಕುದುರೆ ಈಗ ಯಾವ ನಡೆಯಲ್ಲಿದೆ?

[ತೆರೆ ಪೂರ್ತಿ ಕಪ್ಪು. ಟಾರು ರಸ್ತೆಯ ಮೇಲೆ ಲಾಳದ ಸದ್ದು ಮಾತ್ರ.]

ನಮಸ್ಕಾರ. ಬೇಕೆಂದೇ ಚಿತ್ರ ತೋರಿಸುತ್ತಿಲ್ಲ. ಸುಮ್ನೆ ಕೇಳಿ. ನಾಲ್ಕೂ ಕಾಲು ಒಂದು ಸುತ್ತು ಮುಗಿಸುವಷ್ಟರಲ್ಲಿ ಎಷ್ಟು ಪೆಟ್ಟು ಬೀಳುತ್ತಿದೆ, ಎಣಿಸಿ.

ನಮ್ಮಜ್ಜ ಶಿವಮೊಗ್ಗದಲ್ಲಿ ಜಟಕಾ ಓಡಿಸುತ್ತಿದ್ದರು. ಮನೆಯೊಳಗೆ ಕೂತೇ ಬೀದಿಯಲ್ಲಿ ಹೋಗುವ ಕುದುರೆಯ ಓಟ ಹೇಳುತ್ತಿದ್ದರು. ಲಾಳ ಸಡಿಲಾಗಿದ್ದರೂ ಅವರ ಕಿವಿಗೆ ಗೊತ್ತಾಗುತ್ತಿತ್ತು. ಇದರಲ್ಲಿ ದೊಡ್ಡ ಗುಟ್ಟೇನಿಲ್ಲ. ನಾಲ್ಕರವರೆಗೆ ಎಣಿಸಲು ಬಂದರೆ ಸಾಕು, ನೀವೂ ಹೇಳಬಹುದು.

[ದೃಶ್ಯ: ಸಾಗರದ ಹತ್ತಿರ ಕೊಯ್ಲು ಮುಗಿದ ಗದ್ದೆ. ಬೆಳಗಿನ ಮಂಜು. ಕಂದು ಕುದುರೆ.]

ಇವಳು ತುಂಗೆ. ನಮ್ಮ ಚಿಕ್ಕಪ್ಪ ಸಾಕಿದ ಹೆಣ್ಣು ಕುದುರೆ. ನಡೆಗೆ ಹೋಗುವ ಮುಂಚೆ ಇವಳ ಕಾಲನ್ನು ಸರಿಯಾಗಿ ನೋಡೋಣ.

[ಹಿಂಗಾಲು ಹತ್ತಿರದಿಂದ.]

ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿದ ಒಂದು ಮೂಲೆ ಕಾಣುತ್ತಿದೆ, ಅಲ್ವಾ? ಅದನ್ನು ಉಲ್ಟಾ ತಿರುಗಿದ ಮಂಡಿ ಅಂದುಕೊಳ್ಳುವವರೇ ಜಾಸ್ತಿ. ಅದು ಮಂಡಿಯಲ್ಲ, ಹಿಮ್ಮಡಿ! ನಿಜವಾದ ಮಂಡಿ ಮೇಲೆ, ಹೊಟ್ಟೆಯ ಹತ್ತಿರ ಇದೆ. ಮುಂಗಾಲಿನಲ್ಲಿ ನಾವು ಮಂಡಿ ಅನ್ನುವುದು ನಮ್ಮ ಮಣಿಕಟ್ಟಿಗೆ ಸಮ. ಅಂದರೆ ಕುದುರೆ ನಿಂತಿರುವುದು ಬೆರಳ ತುದಿಯ ಮೇಲೆ. ಅದೂ ಒಂದೊಂದು ಕಾಲಿಗೆ ಒಂದೇ ಬೆರಳು, ನಡುಬೆರಳು. ಆ ಬೆರಳಿನ ಉಗುರೇ ಗೊರಸು. ನಮ್ಮ ಮಲೆನಾಡು ಗಿಡ್ಡ ದನದ ಗೊರಸು ಎರಡಾಗಿ ಸೀಳಿರುತ್ತದೆ. ಕುದುರೆಯದು ಒಂಟಿ ಗೊರಸು. ಹಾಗಾಗಿಯೇ ಸದ್ದು ಇಷ್ಟು ಗಟ್ಟಿ, ಇಷ್ಟು ಸ್ಪಷ್ಟ.

[ಚಿಕ್ಕಪ್ಪ ಗೊರಸು ಎತ್ತಿ ಕೆಸರು ಕೆರೆಯುತ್ತಾರೆ.]

ಗೊರಸಿನ ತಳದಲ್ಲಿ ಬಾಣದ ತುದಿಯ ಹಾಗೆ ಒಂದು ಮೆತ್ತನೆ ಭಾಗ ಇದೆ, ನೋಡಿ. ಇಂಗ್ಲಿಷಿನಲ್ಲಿ ಫ್ರಾಗ್ ಅನ್ನುತ್ತಾರೆ. ನಮ್ಮ ಮಳೆಗಾಲದಲ್ಲಿ ಕುದುರೆ ಸಾಕುವವರಿಗೆ ದೊಡ್ಡ ಚಿಂತೆ ಇದೇ ಜಾಗದ್ದು. ಒದ್ದೆ ನೆಲದಲ್ಲಿ, ಸಗಣಿ ಕೆಸರಿನಲ್ಲಿ ಹಾಗೇ ನಿಂತರೆ ಇಲ್ಲಿ ಕೊಳೆತು ಕೆಟ್ಟ ವಾಸನೆ ಬರುತ್ತದೆ. ಕುದುರೆ ಕುಂಟುವುದೂ ಉಂಟು. ಕುದುರೆ ಸಾಕುವ ಆಸೆ ಇದ್ದರೆ ಮೊದಲು ಲಾಯದ ನೆಲ ಒಣಗಿಸುವ ದಾರಿ ಹುಡುಕಿ. ಜೀನು, ಲಗಾಮು ಆಮೇಲೆ ಕೊಳ್ಳಬಹುದು.

ಆ ಹೆಸರುಗಳನ್ನೂ ಬೇಗ ಹೇಳಿಬಿಡುತ್ತೇನೆ. ಸವಾರ ಕೂರುವುದು ಜೀನು. ಕಾಲಿಡುವ ಬಳೆ ರಿಕಾಪು. ಬಾಯಿಗೆ ಹಾಕುವುದು ಕಡಿವಾಣ, ಅದರಿಂದ ಸವಾರನ ಕೈಗೆ ಬರುವುದು ಲಗಾಮು. ಎತ್ತರ ಅಳೆಯುವುದು ನೆಲದಿಂದ ಹೆಗಲ ಉಬ್ಬಿನವರೆಗೆ, ತಲೆಯವರೆಗಲ್ಲ. ಅಳತೆಯ ಹೆಸರು ಹ್ಯಾಂಡ್, ಅಂದರೆ 4 ಇಂಚು. 14.2 ಅಂತ ಬರೆದಿದ್ದರೆ ಅದು ದಶಮಾಂಶ ಅಲ್ಲ, 14 ಹ್ಯಾಂಡ್ ಮತ್ತು 2 ಇಂಚು. ಸುಮಾರು 147 ಸೆಂಟಿಮೀಟರ್. ಅದಕ್ಕಿಂತ ಗಿಡ್ಡ ಇದ್ದರೆ ಸಾಮಾನ್ಯವಾಗಿ ತಟ್ಟು ಅನ್ನುತ್ತೇವೆ.

ಈಗ ಕಿವಿ ಕೊಡಿ.

[ತುಂಗೆ ನಡೆಯುತ್ತಾಳೆ. ಪ್ರತಿ ಹೆಜ್ಜೆಗೆ ತೆರೆಯ ಮೇಲೆ ಒಂದು ಚುಕ್ಕೆ.]

ತ, ಕ, ಧಿ, ಮಿ. ನಾಲ್ಕು ಪೆಟ್ಟು, ಒಂದೇ ಅಂತರ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಇದು ನಡಿಗೆ. ಗಂಟೆಗೆ ಸುಮಾರು 6 ಕಿಲೋಮೀಟರ್. ಯಾವ ಕ್ಷಣದಲ್ಲೂ ಎರಡೋ ಮೂರೋ ಕಾಲು ನೆಲದ ಮೇಲಿರುತ್ತವೆ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಭಟ್ಕಳದ ಬಂದರಿಗೆ ಬಂದಿಳಿಯುತ್ತಿದ್ದವು. ಅಲ್ಲಿಂದ ಮೇಲಕ್ಕೆ ಘಟ್ಟ ಹತ್ತಬೇಕು. ಅಂಥ ಏರಿನಲ್ಲಿ ಕುದುರೆಯನ್ನು ಕಾಪಾಡುವುದು ಇದೇ ನಡಿಗೆ.

[ವೇಗ ಹೆಚ್ಚುತ್ತದೆ.]

ತಕ, ತಕ, ತಕ. ಈಗ ಎರಡೇ ಪೆಟ್ಟು. ಇಂಗ್ಲಿಷಿನ ಟ್ರಾಟ್, ನಮ್ಮ ಕುಕ್ಕುಲೋಟ. ಎಡ ಮುಂಗಾಲಿನ ಜೊತೆ ಬಲ ಹಿಂಗಾಲು, ಬಲ ಮುಂಗಾಲಿನ ಜೊತೆ ಎಡ ಹಿಂಗಾಲು. ಓರೆಯಾಗಿ ಜೋಡಿ. ಕುಕ್ಕುಲೋಟ ಅನ್ನುವ ಹೆಸರು ಎಷ್ಟು ಸರಿ ಅಂತ ಜೀನಿನ ಮೇಲೆ ಕೂತವರಿಗೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ ಮಾರಾಯ್ರೆ, ಬೆನ್ನೆಲ್ಲ ಕುಕ್ಕುತ್ತದೆ. ಅದಕ್ಕೇ ಸವಾರರು ಒಂದು ಪೆಟ್ಟಿಗೆ ಏಳುತ್ತಾರೆ, ಇನ್ನೊಂದಕ್ಕೆ ಕೂರುತ್ತಾರೆ.

ಮೂರನೆಯದು ಕ್ಯಾಂಟರ್. ತಕಿಟ, ಬಿಡುವು. ತಕಿಟ, ಬಿಡುವು. ಒಂದು ಹಿಂಗಾಲು, ಆಮೇಲೆ ಓರೆ ಜೋಡಿ ಒಟ್ಟಿಗೆ, ಕೊನೆಗೆ ಉಳಿದ ಮುಂಗಾಲು. ಆ ಬಿಡುವಿನಲ್ಲಿ ಕುದುರೆಯ ಒಂದು ಕಾಲೂ ನೆಲದ ಮೇಲಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟದ ಸದ್ದು ಇದು. ತೊಟ್ಟಿಲು ತೂಗಿದ ಹಾಗಿರುತ್ತದೆ.

ಇನ್ನೂ ಜೋರಾದರೆ ಆ ಓರೆ ಜೋಡಿ ಒಡೆಯುತ್ತದೆ. ಮತ್ತೆ ನಾಲ್ಕು ಪೆಟ್ಟು, ಆದರೆ ಒಂದರ ಹಿಂದೆ ಒಂದು ಒತ್ತೊತ್ತಾಗಿ. ಇದು ಗ್ಯಾಲಪ್, ನಮ್ಮ ನಾಗಾಲೋಟ. ಈ ಪದಕ್ಕೂ ನಾಗರಹಾವಿಗೂ ಸಂಬಂಧ ಇಲ್ಲ. ನಾಲ್ಕು ಕಾಲಿನ ಓಟ, ನಾಲ್ಗಾಲೋಟ, ಅದೇ ನಾಗಾಲೋಟ. ಪೆಟ್ಟಿನ ಲೆಕ್ಕ ಹೆಸರಿನಲ್ಲೇ ಇದೆ. ಇದನ್ನು ತಿಳಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

[ಚಿತ್ರ: ಕುದುರೆ ಸವಾರನ ವೀರಗಲ್ಲು.]

ನಾಗಾಲೋಟದಲ್ಲಿ ನಾಲ್ಕೂ ಕಾಲು ಗಾಳಿಯಲ್ಲಿ ಇರುವ ಕ್ಷಣ ಇದೆಯಾ? ಬರಿಗಣ್ಣಿಗೆ ಇದು ಸಿಗುವುದಿಲ್ಲ. ನಮ್ಮ ವೀರಗಲ್ಲುಗಳಲ್ಲಿ ಮುಂಗಾಲು ಎತ್ತಿದ ಕುದುರೆ ಇದೆ. ಯುರೋಪಿನ ಚಿತ್ರಕಾರರು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರುವ ಹಾಗೆ ಬರೆದರು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ಓಡುವ ಕುದುರೆಯ ಫೋಟೋ ತೆಗೆದ. ನಾಲ್ಕೂ ಕಾಲು ಗಾಳಿಯಲ್ಲಿದ್ದವು. ಆದರೆ ಚಾಚಿದಾಗ ಅಲ್ಲ, ಎಲ್ಲ ಕಾಲುಗಳೂ ಹೊಟ್ಟೆಯ ಕೆಳಗೆ ಕೂಡಿಕೊಂಡಾಗ!

ಎಲ್ಲ ಕುದುರೆಗಳೂ ಈ ನಾಲ್ಕಕ್ಕೇ ನಿಲ್ಲುವುದಿಲ್ಲ. ರಾಜಸ್ಥಾನದ ಮಾರ್ವಾಡಿ, ಗುಜರಾತಿನ ಕಾಠಿಯಾವಾಡಿ ಕುದುರೆಗಳಿಗೆ ರೇವಾಲ್ ಎಂಬ ಇನ್ನೊಂದು ನಡೆ ಇದೆ. ಬೇಗ ಸಾಗುತ್ತದೆ, ಸವಾರನನ್ನು ಕುಕ್ಕುವುದಿಲ್ಲ. ತುಂಗೆಗೆ ಅದು ಬರುವುದಿಲ್ಲ.

[ತೆರೆ ಮತ್ತೆ ಕಪ್ಪು. ದೂರದಿಂದ ಲಾಳದ ಸದ್ದು.]

ಚಿಕ್ಕಪ್ಪ ಈಗ ತುಂಗೆಯನ್ನು ಮನೆಗೆ ತರುತ್ತಿದ್ದಾರೆ. ಕಣ್ಣು ಮುಚ್ಚಿ.

ತಕಿಟ, ಬಿಡುವು. ಕೇಳಿಸಿತಾ? ಈಗ ಎರಡು, ಕುಕ್ಕುಲೋಟಕ್ಕೆ ಇಳಿದಳು. ಈಗ ನಾಲ್ಕು, ಸಮನಾಗಿ. ಅಂಗಳಕ್ಕೆ ಬಂದಳು. ಹುರುಳಿ ಬೇಯುವ ವಾಸನೆ ಅವಳಿಗೆ ಆಗಲೇ ಸಿಕ್ಕಿರಬೇಕು.

[ಕೆನೆತ.]