ದನದ ನೋವಿನ ಮದ್ದು, ರಣಹದ್ದಿನ ಸಾವು

ಕೇಳುಗರಿಗೆಲ್ಲ ನಮಸ್ಕಾರ. ನಾನು ದನದ ಡಾಕ್ಟರು. ಹಸು, ಎಮ್ಮೆ ಕಟ್ಟಿದವರು ದಯವಿಟ್ಟು ರೇಡಿಯೋ ಸ್ವಲ್ಪ ಜೋರು ಮಾಡಿಕೊಳ್ಳಿ. ಇವತ್ತು ನನ್ನದು ಒಂದೇ ಮಾತು: ದನಕ್ಕೆ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಕೊಡಬೇಡಿ, ಕೊಡಿಸಬೇಡಿ.

ಹಿಂದೆ ದನ ಸತ್ತರೆ ಊರಾಚೆ ಬಯಲಿಗೆ ಹಾಕುತ್ತಿದ್ದರು. ರಣಹದ್ದುಗಳು ಇಳಿಯುತ್ತಿದ್ದವು. ಹೆಣ ನಾರುವ ಮೊದಲೇ ಬರೀ ಮೂಳೆ ಉಳಿಯುತ್ತಿತ್ತು. ಈ ಕೆಲಸಕ್ಕೆ ಯಾರೂ ಕೂಲಿ ಕೊಡಬೇಕಿರಲಿಲ್ಲ. 1992ರಿಂದ 2007ರೊಳಗೆ ನಮ್ಮ ದೇಶದ ಬಿಳಿ ಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕೂ ಜಾಸ್ತಿ ಇಲ್ಲವಾದವು.

ಕಾರಣ ಸಿಕ್ಕಿದ್ದು ಹೇಗೆ? ಈ ಕಥೆ ನನಗೆ ಬಲು ಇಷ್ಟ. ರಾಜಸ್ಥಾನದ ಭರತಪುರದಲ್ಲಿ ವಿಭು ಪ್ರಕಾಶ್ ಎಂಬ ವಿಜ್ಞಾನಿ, ಹಕ್ಕಿಗಳು ಕುತ್ತಿಗೆ ಜೋತುಬಿಟ್ಟು ಕೂತು ಸಾಯುವುದನ್ನು ಕಂಡರು. ಯಾವುದೋ ವೈರಸ್ ಇರಬೇಕು ಅಂತ ಅನುಮಾನ ಬಂತು. ಪಾಕಿಸ್ತಾನದಲ್ಲಿ ಅಮೆರಿಕದ ಪಶುವೈದ್ಯ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದರು. ಕಿಡ್ನಿ ಕೆಟ್ಟಿತ್ತು. ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಲೇಪ. ವೈರಸ್ ಹುಡುಕಿದರು, ಕೀಟನಾಶಕ ಹುಡುಕಿದರು, ಸೀಸ ಹುಡುಕಿದರು. ಏನೂ ಸಿಗಲಿಲ್ಲ. ಆಮೇಲೆ ಹೊಳೆಯಿತು: ಹದ್ದು ತಿನ್ನುವುದು ಸತ್ತ ದನ. ಆ ದನಕ್ಕೆ ಏನು ಮದ್ದು ಕೊಟ್ಟಿದ್ದರು? ಪಶುವೈದ್ಯರನ್ನೂ ಔಷಧಿ ಅಂಗಡಿಯವರನ್ನೂ ವಿಚಾರಿಸಿದರು. ಕಿಡ್ನಿ ಕೆಟ್ಟು ಸತ್ತ 25 ಹಕ್ಕಿಗಳನ್ನು ಪರೀಕ್ಷಿಸಿದರೆ 25ರಲ್ಲೂ ಡೈಕ್ಲೋಫೆನಾಕ್! ಬೇರೆ ಕಾರಣಕ್ಕೆ ಸತ್ತವುಗಳಲ್ಲಿ ಒಂದರಲ್ಲೂ ಇಲ್ಲ. 2004ರಲ್ಲಿ ಇದು ಜಗತ್ತಿಗೆ ಗೊತ್ತಾಯಿತು.

ರಣಹದ್ದಿನ ಸಂತತಿ ಕುಸಿಯಲು ನೂರು ಹೆಣದಲ್ಲಿ ಒಂದರಲ್ಲಿ ಈ ಮದ್ದು ಇದ್ದರೂ ಸಾಕು. ಒಂದು ಹೆಣಕ್ಕೆ ಹಿಂಡೇ ಇಳಿಯುತ್ತದೆ ಅಲ್ವಾ? ಈ ಹಕ್ಕಿ ಇಡುವುದೋ ವರ್ಷಕ್ಕೆ ಒಂದೇ ಮೊಟ್ಟೆ.

ಸಮಯ ಕಡಿಮೆ ಇದೆ, ಸರ್ಕಾರದ ವಿಷಯ ಬೇಗ ಹೇಳುತ್ತೇನೆ. 2006ರಲ್ಲಿ ದನಗಳಿಗೆ ಈ ಔಷಧಿ ನಿಷೇಧವಾಯಿತು. ಒಳ್ಳೆಯ ಕೆಲಸ. ಆದರೆ ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಬರುತ್ತಲೇ ಇದ್ದವು. ಅದನ್ನು ತಡೆಯಲು 2015 ಆಗಬೇಕಾಯಿತು. ಅಸೆಕ್ಲೋಫೆನಾಕ್ ಎಂಬ ಇನ್ನೊಂದು ಮದ್ದು ದನದ ಮೈಯೊಳಗೆ ಹೋಗಿ ಡೈಕ್ಲೋಫೆನಾಕೇ ಆಗುತ್ತದೆ. ಅದಕ್ಕೆ ನಿಷೇಧ ಬಂದದ್ದು 2023ರಲ್ಲಿ! ಇಷ್ಟು ನಿಧಾನ ಯಾಕೆ? ಅಷ್ಟರಲ್ಲಿ ಹೆಣಗಳು ನಾಯಿಗಳ ಪಾಲಾದವು. ಬೀದಿನಾಯಿ ಜಾಸ್ತಿಯಾದವು, ಹುಚ್ಚುನಾಯಿ ಕಡಿತದ ಭಯವೂ ಜಾಸ್ತಿಯಾಯಿತು.

ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಿದರು. ಬೆಟ್ಟಕ್ಕೆ ಕಾವಲು ಹಾಕಿದರೆ ಸಾಲದು. ಹದ್ದು ಊಟಕ್ಕೆ ಹತ್ತಾರು ಮೈಲಿ ಹಾರುತ್ತದೆ. ಅದು ಇಳಿಯುವುದು ನಿಮ್ಮೂರ ಬಯಲಿಗೆ.

ಅದಕ್ಕೇ ಮತ್ತೆ ಹೇಳುತ್ತೇನೆ, ಡೈಕ್ಲೋಫೆನಾಕ್ ಬೇಡ. ಹಸುವಿಗೆ ಜ್ವರ, ಬಾವು, ಕುಂಟು ಇದ್ದರೆ ಮೆಲಾಕ್ಸಿಕಾಮ್ ಇದೆ. ಹದ್ದಿಗೆ ಅದರಿಂದ ತೊಂದರೆ ಇಲ್ಲ. ಡಾಕ್ಟರ್ ಬಂದಾಗ ಹೆಸರು ಹಿಡಿದು ಕೇಳಿ. ಬೇರೆ ನೋವಿನ ಸೂಜಿ ಚುಚ್ಚಿಸಿದ ದನ ಎರಡು ಮೂರು ದಿನದಲ್ಲೇ ಸತ್ತರೆ ಬಯಲಿಗೆ ಎಸೆಯಬೇಡಿ, ಆಳವಾಗಿ ಗುಂಡಿ ತೋಡಿ ಹೂಳಿ. ನಮಸ್ಕಾರ.