ಲೆಟರ್‌ಹೆಡ್ಡು ಇದ್ದ ಮಾತ್ರಕ್ಕೆ ಸಂಘವಾಗುವುದಿಲ್ಲ

ಎಲ್ಲರಿಗೂ ನಮಸ್ಕಾರ. ಈ ವಾರ ಆಲೆಮನೆಗಳ ಬಗ್ಗೆ ಮಾತನಾಡಬೇಕೆಂದು ಟಿಪ್ಪಣಿ ಮಾಡಿಕೊಂಡಿದ್ದೆ. ಅದನ್ನು ಪಕ್ಕಕ್ಕೆ ಇಡುವಂತೆ ಮಾಡಿದ್ದು ಕಳೆದ ಸಂಚಿಕೆಯ ಕೆಳಗೆ ಬಂದ ಒಂದು ಕಮೆಂಟು. ಜಪಾನಿನ ಏಷ್ಯನ್ ರೂರಲ್ ಇನ್‌ಸ್ಟಿಟ್ಯೂಟ್ ನಡೆಸುವ ಗ್ರಾಮೀಣ ನಾಯಕರ ತರಬೇತಿಯ ವಿಚಾರವನ್ನು ಕೇಳಿಸಿಕೊಂಡ ನಮ್ಮ ಮಂಡ್ಯ ಕಡೆಯ ಯುವಕರೊಬ್ಬರು ಹೀಗೆ ಬರೆದಿದ್ದಾರೆ: ‘ಅಣ್ಣ, ಫಾರಂ ಲಿಂಕ್ ಹಾಕಿ ಸಾಕು. ಸಂಘದ ಲೆಟರ್ ಕೇಳ್ತಾರಂತೆ, ಅದೇನ್ ದೊಡ್ದಲ್ಲ, ನಮ್ಮ ಮಾವನ ಹತ್ರ ಲೆಟರ್‌ಹೆಡ್ ಐತೆ.’ ಅದರ ಕೆಳಗೆ ಇನ್ನೊಬ್ಬರು ‘ನಂಗೂ ಒಂದು ಕೊಡ್ಸಿ’ ಎಂದು ಬೇಡಿಕೆ ಇಟ್ಟಿದ್ದಾರೆ. ಮಾವನವರ ಆರೋಗ್ಯ ಚೆನ್ನಾಗಿರಲಿ. ಆದರೆ ಆ ಲೆಟರ್‌ಹೆಡ್ಡಿನ ಬಗ್ಗೆ ಇವತ್ತು ನಾನು ಸ್ವಲ್ಪ ಮಾತನಾಡಲೇಬೇಕು.

ಗೊತ್ತಿಲ್ಲದವರಿಗಾಗಿ ಮೊದಲು ಆ ಸಂಸ್ಥೆಯ ಪರಿಚಯವನ್ನು ಮಾಡಿಕೊಡುತ್ತೇನೆ. ಜಪಾನಿನ ಟೊಚಿಗಿ ಪ್ರಾಂತ್ಯದ ನಾಸುಶಿಯೊಬಾರದಲ್ಲಿರುವ ಅದನ್ನು 1973ರಲ್ಲಿ ತೊಶಿಹಿರೊ ತಕಾಮಿ ಎಂಬ ಕ್ರೈಸ್ತ ಪಾದ್ರಿ ಸ್ಥಾಪಿಸಿದರು; 1996ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಏಷ್ಯಾ, ಆಫ್ರಿಕಾ ಮತ್ತು ಪೆಸಿಫಿಕ್ ದ್ವೀಪಗಳ ಹಳ್ಳಿಗಳಲ್ಲಿ ಈಗಾಗಲೇ ಜನರ ನಡುವೆ ದುಡಿಯುತ್ತಿರುವವರನ್ನು ಅಲ್ಲಿಗೆ ಕರೆಸಿಕೊಂಡು, ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಒಂಬತ್ತು ತಿಂಗಳು ಜೊತೆಯಲ್ಲಿಟ್ಟುಕೊಂಡು, ಸಾವಯವ ಕೃಷಿಯನ್ನೂ ಸಮುದಾಯವನ್ನು ಮುನ್ನಡೆಸುವ ರೀತಿಯನ್ನೂ ಕಲಿಸುತ್ತಾರೆ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕ್ರೈಸ್ತ ಹಿನ್ನೆಲೆಯ ಸಂಸ್ಥೆಯಾದರೂ ಎಲ್ಲ ಧರ್ಮದವರನ್ನೂ ಸೇರಿಸಿಕೊಳ್ಳುತ್ತಾರೆ, ಆದ್ದರಿಂದ ಆ ವಿಷಯವಾಗಿ ನನಗೆ ಉದ್ದುದ್ದ ಸಂದೇಶ ಕಳುಹಿಸುವ ಹಿರಿಯರು ಇಂದಿಗೆ ವಿರಾಮ ತೆಗೆದುಕೊಳ್ಳಬಹುದು. ತಾವು ಉಣ್ಣುವ ಅನ್ನ, ತರಕಾರಿ, ಮೊಟ್ಟೆ, ಮಾಂಸದ ಬಹುಪಾಲನ್ನು ಅಲ್ಲಿನವರು ತಾವೇ ಬೆಳೆದುಕೊಳ್ಳುತ್ತಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅಲ್ಲಿಗೆ ಯಾರೂ ತಮ್ಮಷ್ಟಕ್ಕೆ ತಾವೇ ಹೋಗುವಂತಿಲ್ಲ. ಅವರನ್ನು ಒಂದು ಸಂಸ್ಥೆ ಆರಿಸಿ ಕಳುಹಿಸಬೇಕು. ಅದು ರೈತರ ಗುಂಪೋ, ಸಹಕಾರ ಸಂಘವೋ, ಹಳ್ಳಿಗಳಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಯೋ ಆಗಿರಬಹುದು. ತರಬೇತಿ ಮುಗಿದ ಮೇಲೆ ಅವರು ಅದೇ ಸಂಸ್ಥೆಗೆ, ಅದೇ ಜನರ ಬಳಿಗೆ ಹಿಂದಿರುಗಬೇಕು. ನಮ್ಮ ಹುಡುಗರು ಈ ನಿಯಮವನ್ನು ಓದಿ, ಅರ್ಜಿಗೆ ಲಗತ್ತಿಸಬೇಕಾದ ಕಾಗದಗಳಲ್ಲಿ ಇದೂ ಒಂದು, ಆಧಾರ್ ಜೆರಾಕ್ಸಿನ ಪಕ್ಕದಲ್ಲಿ ಇದನ್ನೂ ಇಟ್ಟು ಪಿನ್ ಹೊಡೆದರಾಯಿತು ಎಂದು ತಿಳಿದಿದ್ದಾರೆ. ನನ್ನ ಪ್ರಕಾರ ಇಡೀ ಅರ್ಜಿಯಲ್ಲಿ ನಿಜವಾದ ಪ್ರಶ್ನೆ ಇದೊಂದೇ: ಹಿಂದಿರುಗಿ ಯಾರ ಮುಂದೆ ನಿಲ್ಲುತ್ತೀರಿ? ಮಿಕ್ಕ ಪುಟಗಳೆಲ್ಲ ಈ ಪ್ರಶ್ನೆಯನ್ನೇ ತಿರುಗಿಸಿ ಮುರುಗಿಸಿ ಕೇಳುತ್ತವೆ. ನಮ್ಮ ಊರುಗಳಲ್ಲಿ ಸೊಸೈಟಿ ಸಾಲಕ್ಕೆ ಜಾಮೀನು ಹಾಕುವವನು ಸಾಲಗಾರನ ಮನೆ, ಹೊಲ, ನಡತೆ ಎಲ್ಲವನ್ನೂ ಬಲ್ಲವನಾಗಿರುತ್ತಾನೆ, ಏಕೆಂದರೆ ನಾಳೆ ಸಾಲಗಾರ ಕೈಕೊಟ್ಟರೆ ನೋಟಿಸು ಬರುವುದು ಇವನ ಬಾಗಿಲಿಗೆ. ಕಳುಹಿಸುವ ಸಂಸ್ಥೆಯ ಸಹಿಯೂ ಅಂಥದ್ದೇ. ಮಾವನವರು ಆ ಜಾಮೀನಿಗೆ ಸಿದ್ಧರಿದ್ದಾರೆಯೇ, ಒಮ್ಮೆ ಕೇಳಿ ನೋಡಿ.

‘ಹಾಗಾದರೆ ಅರ್ಜಿಯಲ್ಲಿ ಏನು ಬರೆಯಬೇಕು ಸಾರ್’ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದಲ್ಲಿ ಗದ್ದೆಗೆ ನೀರು ಕಟ್ಟಿ ಕಟ್ಟಿ ಭೂಮಿ ಜೌಗಾಗುತ್ತದೆ, ಚೌಳು ಏಳುತ್ತದೆ. ಅದೇ ನಾಲೆಯ ಕೊನೆಯ ಭಾಗದ ರೈತ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ಬಿಟ್ಟ ನೀರು ತನ್ನ ತೂಬಿನವರೆಗೆ ಬಂದೀತೇ ಎಂದು ರಾತ್ರಿಯೆಲ್ಲ ಟಾರ್ಚು ಹಿಡಿದು ಕಾಯುತ್ತಾನೆ. ಆ ನಾಲೆಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆ ಪೂರ್ತಿ 124.80 ಅಡಿ ತುಂಬಿದ ವರ್ಷವೂ ಈ ಜಗಳ ತಪ್ಪಿದ್ದಲ್ಲ, 2023ರಂತೆ ಮಳೆ ಕೈಕೊಟ್ಟ ವರ್ಷವಂತೂ ಕೇಳುವುದೇ ಬೇಡ. ವರ್ಷವಿಡೀ ನೆಲದಲ್ಲಿ ನಿಂತು ನೀರು ಕುಡಿಯುವ ಕಬ್ಬನ್ನು ಬಿಟ್ಟು ರಾಗಿಗೋ ಅಲಸಂದೆಗೋ ತಿರುಗೋಣವೆಂದರೆ, ಕಬ್ಬಿಗೆ ಕಾರ್ಖಾನೆಯಾದರೂ ಇದೆ, ಇದನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ಎದುರು ನಿಲ್ಲುತ್ತದೆ. ಈ ತೊಡಕಿನ ಮಧ್ಯೆ ನಿಮ್ಮ ಊರಿನ ಎಂಟು ಹತ್ತು ಮನೆಯವರು ಸೇರಿ ಕಬ್ಬಿನ ಒಣ ಗರಿಗೆ ಬೆಂಕಿ ಹಾಕುವುದನ್ನು ನಿಲ್ಲಿಸಿದ್ದರೆ, ಅದನ್ನು ಸಾಲುಗಳ ನಡುವೆ ಮುಚ್ಚಿಗೆ ಮಾಡಿದ್ದರೆ, ಅದರಿಂದ ಒಂದೆರಡು ನೀರು ಉಳಿದಿದ್ದರೆ, ಅಥವಾ ಉಳಿಯದೆ ಜಗಳವಾಗಿದ್ದರೆ, ಅದನ್ನೇ ಬರೆಯಿರಿ. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ, ಒಪ್ಪದವರ ವಾದ ಏನಿತ್ತು ಎಂಬುದನ್ನೂ ಬರೆಯಿರಿ. ಇದನ್ನು ಬಿಟ್ಟು ‘ಬಾಲ್ಯದಿಂದಲೂ ನನಗೆ ಪ್ರಕೃತಿಯೆಂದರೆ ಪ್ರಾಣ’ ಎಂದು ಆರಂಭವಾಗುವ ಪ್ರಬಂಧಗಳು ನನ್ನ ಇನ್‌ಬಾಕ್ಸಿನಲ್ಲಿ ಸಾಲಾಗಿ ಕುಳಿತಿವೆ. ಅವುಗಳಲ್ಲಿ ಊರಿನ ಹೆಸರೇ ಇಲ್ಲ, ಇನ್ನು ಊರಿನವರ ಹೆಸರೆಲ್ಲಿಂದ ಬರಬೇಕು?

ಇದು ನನ್ನ ಹಟ ಎನ್ನುವವರು ಮೈಸೂರಿನ ಇತಿಹಾಸವನ್ನೇ ಸ್ವಲ್ಪ ನೋಡಬಹುದು. ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಗೆ ಆ ಹೆಸರು ಬಂದದ್ದೇ ಮೈಸೂರಿನಿಂದ. ಎಂಬತ್ತರ ದಶಕದ ನಡುವಿನಲ್ಲಿ ಆ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದವು. ಒಬ್ಬರನ್ನೊಬ್ಬರು ನಂಬುತ್ತಿದ್ದ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಬೇರೆಯಾಗಿ ನಿಂತರು. ಸಂಸ್ಥೆ ಆ ಗುಂಪುಗಳನ್ನು ಹಿಡಿದುಕೊಂಡಿತು, 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಅವುಗಳ ಬೆನ್ನಿಗೆ ನಿಂತಿತು, 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ದೇಶದ ಮಟ್ಟದಲ್ಲಿ ಶುರುವಾಯಿತು. ಮೊದಲು ಬಂದದ್ದು ನಂಬಿಕೆಯ ಹತ್ತಿಪ್ಪತ್ತು ಜನ. ಹಣ ಮತ್ತು ಲೆಕ್ಕದ ಪುಸ್ತಕ ಬರೆಯುವ ತರಬೇತಿ ಅವರ ಹಿಂದೆ ಬಂದವು. ಲೆಟರ್‌ಹೆಡ್ಡು ಅವೆಲ್ಲಕ್ಕಿಂತ ಹಿಂದೆ, ಬಹುಶಃ ಬಸ್ಸು ತಪ್ಪಿಸಿಕೊಂಡು ಬಂದಿರಬೇಕು.

(ಈ ಮಾತುಗಳು ಇಷ್ಟವಾಗುತ್ತಿದ್ದರೆ ಚಾನೆಲ್ಲಿಗೆ ಚಂದಾದಾರರಾಗಿ, ಇಷ್ಟವಾಗದಿದ್ದರೂ ಆಗಿ, ಬೈಯಲು ಅನುಕೂಲವಾಗುತ್ತದೆ.)

ಇನ್ನು ಆಕ್ಷೇಪಣೆಗಳು. ಒಬ್ಬರು ‘ರೈತನ ಮಗನಿಗೆ ಬೇಸಾಯ ಕಲಿಸಲು ಜಪಾನ್ ಯಾಕೆ ಬೇಕು’ ಎಂದು ಕೇಳಿದ್ದಾರೆ. ಬಹಳ ಘನವಾದ ಪ್ರಶ್ನೆ. ಆದರೆ ಇದನ್ನು ಕೇಳಿದವರ ತಂದೆಯವರು ಗೊಬ್ಬರದ ಅಂಗಡಿಯವನು ಹೇಳಿದಷ್ಟು ಚೀಲವನ್ನೇ ಗದ್ದೆಗೆ ಸುರಿಯುತ್ತಾರೆ ಎಂದು ಅವರೇ ಹಿಂದೊಮ್ಮೆ ಇಲ್ಲಿ ಬರೆದಿದ್ದರು. ಇನ್ನೊಬ್ಬರಿಗೆ ಒಂಬತ್ತು ತಿಂಗಳು ಅಲ್ಲೇ ಇರಬೇಕೆಂಬುದು ಸರಿಬಂದಿಲ್ಲ, ಆನ್‌ಲೈನಿನಲ್ಲಿ ಮುಗಿಸಬಾರದೇ ಎನ್ನುತ್ತಾರೆ. ಬೊಕಾಶಿ ಎಂಬ ಜಪಾನಿನ ಹುದುಗಿಸಿದ ಗೊಬ್ಬರವನ್ನು ವಿಡಿಯೋ ನೋಡಿ ಕಲಿಯಬಹುದು, ಒಪ್ಪುತ್ತೇನೆ. ನಮ್ಮ ಜೀವಾಮೃತಕ್ಕೆ 200 ಲೀಟರ್ ನೀರು, 10 ಕಿಲೋ ಸಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಎಂಬುದನ್ನು ನಾನೇ ಎರಡು ನಿಮಿಷದಲ್ಲಿ ಹೇಳಿಕೊಡಬಲ್ಲೆ. ಆದರೆ ಬೇರೆ ದೇಶದ, ಬೇರೆ ಧರ್ಮದ, ನಿಮಗೆ ಸ್ವಲ್ಪವೂ ಹಿಡಿಸದ ಒಬ್ಬ ಮನುಷ್ಯನ ಜೊತೆ ಬೆಳಗಿನ ಜಾವ ಹಂದಿಗಳಿಗೆ ಮೇವು ಹಾಕಿ, ಅವನ ಮೇಲಿನ ಸಿಟ್ಟನ್ನು ನುಂಗಿಕೊಂಡು, ಅದೇ ಅಡುಗೆಮನೆಯಲ್ಲಿ ಅವನ ಪಕ್ಕದಲ್ಲೇ ಈರುಳ್ಳಿ ಹೆಚ್ಚುವುದನ್ನು ಯಾವ ಆ್ಯಪ್ ಕಲಿಸುತ್ತದೆ? ಊರಿಗೆ ಬಂದ ಮೇಲೆ ನೀರಿನ ಸರದಿಯ ಜಗಳದಲ್ಲಿ ಕೆಲಸಕ್ಕೆ ಬರುವುದು ಅದೇ. ಹೌದು, ಹಂದಿಗಳೇ. ‘ನಾವು ಸಸ್ಯಾಹಾರಿಗಳು, ಆ ಕೆಲಸದಿಂದ ವಿನಾಯಿತಿ ಇದೆಯೇ’ ಎಂದು ಕೇಳಿದ ಮೈಸೂರಿನ ಸಜ್ಜನರಿಗೆ ಪ್ರತ್ಯೇಕವಾಗಿ ಉತ್ತರಿಸಲಾಗುವುದು.

ಮೂರನೆಯವರು ಗಂಭೀರವಾಗಿ ಕೇಳಿದ್ದಾರೆ: ಜಮೀನಿಲ್ಲದ, ಯಾವ ಸಂಘವೂ ಹತ್ತಿರ ಸೇರಿಸದ ಕೂಲಿ ಹೆಣ್ಣುಮಗಳು ಏನು ಮಾಡಬೇಕು, ನಿಮ್ಮ ನಿಯಮ ಅವಳನ್ನೇ ಹೊರಗಿಡುವುದಿಲ್ಲವೇ? ನಿಯಮ ನನ್ನದಲ್ಲ, ಆದರೂ ನಾನು ಅದರ ಪರವಾಗಿಯೇ ನಿಲ್ಲುತ್ತೇನೆ. ನಮ್ಮ ಹಳ್ಳಿಗಳಲ್ಲಿ ಸ್ತ್ರೀಶಕ್ತಿ ಗುಂಪು ಇದೆ, ಪಂಚಾಯಿತಿಗೊಂದು ಸಂಜೀವಿನಿ ಎಂಬ ಮಹಿಳಾ ಸ್ವಸಹಾಯ ಗುಂಪುಗಳ ಒಕ್ಕೂಟ ಇದೆ, ಹಾಲು ಹಾಕುವ ಡೇರಿ ಇದೆ. ಅವಳನ್ನು ಸೇರಿಸದಿದ್ದರೆ ಅವಳಂಥ ಹತ್ತು ಜನ ಸೇರಿ ತಮ್ಮದನ್ನು ಕಟ್ಟಿಕೊಳ್ಳಲಿ, ಎರಡು ಮೂರು ವರ್ಷ ನಡೆಸಲಿ, ಆಮೇಲೆ ಅರ್ಜಿ ಹಾಕಲಿ. ಅದು ಕಷ್ಟವೇ? ಕಷ್ಟವೇ. ಹಾಗೆಂದು ಕಷ್ಟದ ನೆಪ ಹೇಳಿ ಲೆಟರ್‌ಹೆಡ್ಡಿನವರು ಅವಳ ಸೆರಗಿನ ಹಿಂದೆ ಅವಿತುಕೊಳ್ಳುವುದನ್ನು ನಾನು ಸಹಿಸುವುದಿಲ್ಲ. ಆ ಕಮೆಂಟು ಹಾಕಿದವರು ಕೂಲಿ ಹೆಣ್ಣುಮಗಳಲ್ಲ, ಅವರ ಪ್ರೊಫೈಲ್ ಚಿತ್ರದಲ್ಲಿ ಬುಲೆಟ್ ಗಾಡಿ ಇದೆ.

ಜಪಾನ್ ದೂರವಾಯಿತೆಂದರೆ ಹತ್ತಿರದಲ್ಲೇ ಕಲಿಯುವ ಜಾಗಗಳಿವೆ. ರೈತ ಸಂಘದ ಚಳವಳಿಯಿಂದ ಬೆಳೆದ ಅಮೃತ ಭೂಮಿ ಚಾಮರಾಜನಗರ ಜಿಲ್ಲೆಯಲ್ಲಿದೆ. ಮೈಸೂರಿನಲ್ಲಿ ಪಂಚಾಯಿತಿಯವರಿಗೆ ತರಬೇತಿ ಕೊಡುವ ಸರ್ಕಾರಿ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರೇ ಇದೆ, ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಎನಿಸಿಕೊಂಡ ಆ ಮಂತ್ರಿಯ ಹೆಸರು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ನಾಟಿ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಇಲ್ಲೆಲ್ಲ ಹೋಗಿ ಬನ್ನಿ, ಕಲಿಯಿರಿ. ಆದರೆ ಇಲ್ಲಿಗೆ ಹೋದರೂ ನನ್ನ ಪ್ರಶ್ನೆ ನಿಮ್ಮನ್ನು ಬಿಡುವುದಿಲ್ಲ: ಹಿಂದಿರುಗಿ ಯಾರ ಮುಂದೆ ನಿಲ್ಲುತ್ತೀರಿ? ತರಬೇತಿಯಿಂದ ತರಬೇತಿಗೆ ಹಾರುತ್ತಾ, ಪ್ರತಿ ಊರಿನಲ್ಲೂ ಒಂದು ಗ್ರೂಪ್ ಫೋಟೋ, ಒಂದು ಬಟ್ಟೆಯ ಬ್ಯಾಗು, ಒಂದು ಸರ್ಟಿಫಿಕೇಟು ಗಿಟ್ಟಿಸಿಕೊಂಡು ಬರುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರ ಹಿತ್ತಲಿನಲ್ಲಿ ಒಂದು ಮೆಣಸಿನ ಗಿಡ ತೋರಿಸಲಿ, ಈ ಸಂಚಿಕೆಯನ್ನು ತೆಗೆದುಹಾಕುತ್ತೇನೆ.

‘ಇದರಿಂದ ವೀಸಾ ಸಿಗುತ್ತೆ, ಆಮೇಲೆ ಅಲ್ಲೇ ಕೆಲಸ ನೋಡ್ಕೋಬಹುದು’ ಎಂದವರಿಗೆ ಉತ್ತರ ಬರೆದಿದ್ದೆ. ಈಗ ಓದಲು ನೋಡಿದರೆ ಅದರಲ್ಲಿ ಬೈಗುಳವೇ ಹೆಚ್ಚಿದೆ, ಕಾರಣಗಳು ಕಡಿಮೆ ಇವೆ. ಆದರೂ ಓದುತ್ತೇನೆ. ಹಿಂದಿರುಗುವ ಮನಸ್ಸಿಲ್ಲದವರು ಹಿಂದಿರುಗುವವರಿಗಾಗಿ ಇಟ್ಟ ಜಾಗವನ್ನು ಕಬಳಿಸುವುದಕ್ಕೆ ಬೇರೆ ಹೆಸರಿದೆ, ಅದನ್ನು ಇಲ್ಲಿ ಹೇಳಿದರೆ ಯೂಟ್ಯೂಬಿನವರು ನನ್ನ ಬಾಯಿ ಮುಚ್ಚಿಸುತ್ತಾರೆ. ಯಾರ ಮುಂದೆ? ಹಿಂದಿರುಗಿ ಯಾರ ಮುಂದೆ ನಿಲ್ಲುತ್ತೀರಿ? ಎಷ್ಟು ಸಲ ಕೇಳಬೇಕು?

ಕೊನೆಯದಾಗಿ ಒಂದು ಪ್ರಕಟಣೆ. ನಾನು ಯಾರ ಅರ್ಜಿಯನ್ನೂ ಬರೆದುಕೊಡುವುದಿಲ್ಲ, ದುಡ್ಡು ಕೊಟ್ಟರೂ ಇಲ್ಲ. ಕೇಳಿದವರಲ್ಲಿ ನನ್ನ ಚಿಕ್ಕಪ್ಪನ ಮಗನೂ ಇದ್ದಾನೆ, ಅವನಿಗೂ ಇದೇ ಉತ್ತರ. ನಿಮ್ಮ ಗುಂಪಿನವರೆಲ್ಲ ಕುಳಿತು, ನಿಮ್ಮ ಊರಿನ ಬಗ್ಗೆ ಒಂದು ಪುಟ ಬರೆದು, ಕನಿಷ್ಠ ಐದು ಜನ ಅದಕ್ಕೆ ಸಹಿ ಹಾಕಿ ಕಳುಹಿಸಿದರೆ ಮಾತ್ರ ಓದಿ ಅಭಿಪ್ರಾಯ ಹೇಳುತ್ತೇನೆ. ಆಧಾರ್ ಪ್ರತಿ, ಅಂಕಪಟ್ಟಿ, ಪಾಸ್‌ಪೋರ್ಟ್ ಅಳತೆಯ ಫೋಟೋ, ಇವುಗಳನ್ನು ದಯವಿಟ್ಟು ನನಗೆ ಕಳುಹಿಸಬೇಡಿ. ಮುಂದಿನ ವಾರ ಆಲೆಮನೆಯ ಸಂಚಿಕೆ ಖಂಡಿತ ಬರುತ್ತದೆ. ಬೆಲ್ಲಕ್ಕೆ ಸಕ್ಕರೆ ಬೆರೆಸುವವರು ಈಗಿನಿಂದಲೇ ಕಮೆಂಟು ಸಿದ್ಧಪಡಿಸಿಕೊಳ್ಳಬಹುದು.