ಕೆಟ್ಟ ಬಲ್ಬಿನೊಳಗೊಂದು ಇಣುಕು

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ವಾರ ನನ್ನ ಓದುವ ಮೇಜಿನ ಎಲ್‌ಇಡಿ ಬಲ್ಬು ಕೆಟ್ಟುಹೋಯಿತು. ಬಿಸಾಡಲು ಮನಸ್ಸು ಬರಲಿಲ್ಲ. ಹೋಲ್ಡರಿನಿಂದ ಕಳಚಿ, ಮೇಲಿನ ಬಿಳಿ ಬುರುಡೆ ಬಿಡಿಸಲು ಕೂತೆ. ಸುಲಭಕ್ಕೆ ಬರಲಿಲ್ಲ, ಅಂಟು ಹಾಕಿ ಕೂರಿಸಿದ್ದರು. ಕೊನೆಗೂ ಬಿಚ್ಚಿದಾಗ ಒಳಗೊಂದು ದುಂಡನೆಯ ತಗಡು, ಅದರ ಮೇಲೆ ಬಳೆಯಂತೆ ಸುತ್ತ ಕೂತ 12 ಹಳದಿ ಚುಕ್ಕೆಗಳು. 11 ಹೊಸದರಂತೆಯೇ ಇದ್ದವು. ಒಂದರ ನಡುವೆ ಮಾತ್ರ ಸಾಸಿವೆಗಿಂತ ಚಿಕ್ಕ ಕಪ್ಪು ಕಲೆ. ಎಲ್ಲವನ್ನೂ ಒಂದರ ಹಿಂದೆ ಒಂದಾಗಿ ಜೋಡಿಸಿರುವುದರಿಂದ ಒಂದು ಸುಟ್ಟರೆ ಕರೆಂಟು ಅಲ್ಲೇ ನಿಲ್ಲುತ್ತದೆ, ಇಡೀ ಬಲ್ಬೇ ಕತ್ತಲು.

ಈ ಚುಕ್ಕೆಯ ಹಿಂದೆ ದೊಡ್ಡ ತಪಸ್ಸಿದೆ. ಹಳದಿ ಎಂಬುದು ಮೇಲಿನ ಲೇಪದ ಬಣ್ಣ. ಅಡಿಯಲ್ಲಿರುವುದು ನೀಲಿ ಬೆಳಕು ಕೊಡುವ ಚಿಪ್. ಆ ನೀಲಿಯಲ್ಲಿ ಒಂದಿಷ್ಟನ್ನು ಲೇಪ ಹೀರಿಕೊಂಡು ಹಳದಿಯಾಗಿ ಹೊರಬಿಡುತ್ತದೆ, ಉಳಿದ ನೀಲಿ ಅದರ ಜೊತೆ ಬೆರೆತು ನಮ್ಮ ಕಣ್ಣಿಗೆ ಬಿಳಿಯಾಗುತ್ತದೆ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಪ್ರಖರವಾದ ನೀಲಿಗೆ ಇನ್ನೂ 30 ವರ್ಷ ಹಿಡಿಯಿತು. ಅದಕ್ಕೆ ಬೇಕಾದ ಗ್ಯಾಲಿಯಂ ನೈಟ್ರೈಡಿನ ಒಳ್ಳೆಯ ಹರಳು ಬೆಳೆಸುವುದು ಆಗದ ಕೆಲಸವೆಂದು ಹೆಚ್ಚಿನವರು ಕೈಬಿಟ್ಟಿದ್ದರು. ಜಪಾನಿನ ನಗೋಯಾದಲ್ಲಿ ಇಸಾಮು ಅಕಸಾಕಿ ಮತ್ತು ಅವರ ವಿದ್ಯಾರ್ಥಿ ಹಿರೋಶಿ ಅಮಾನೊ ಬಿಡಲಿಲ್ಲ. ನೀಲಮಣಿಯ ತಟ್ಟೆಯ ಮೇಲೆ ನೇರವಾಗಿ ಬೆಳೆಸಿದರೆ ಹರಳು ಒರಟಾಗುತ್ತಿತ್ತು. ನಡುವೆ ಅಲ್ಯೂಮಿನಿಯಂ ನೈಟ್ರೈಡಿನ ತೆಳುಪದರವೊಂದನ್ನು ಹಾಸಿ, 1986ರಲ್ಲಿ ಅದನ್ನು ನಯವಾಗಿ ಕೂರಿಸಿದರು. ಇನ್ನೊಬ್ಬ ಸಂಶೋಧಕ ಶುಜಿ ನಕಮುರಾ ತಮ್ಮದೇ ದಾರಿಯಲ್ಲಿ ಅದೇ ವಸ್ತುವಿನ ಬೆನ್ನುಹತ್ತಿದರು. 2014ರ ಭೌತವಿಜ್ಞಾನದ ನೊಬೆಲ್ ಮೂವರಿಗೂ ಸಂದಿತು.

ಫಲ ಏನು? ಹಳೆಯ ತಂತಿ ಬಲ್ಬಿನ ಹತ್ತಿರ ಕೈ ಒಯ್ದವರಿಗೆ ಅದು ಎಷ್ಟು ಸುಡುತ್ತಿತ್ತೆಂದು ನೆನಪಿರುತ್ತದೆ. 100 ಪಾಲು ವಿದ್ಯುತ್ತಿನಲ್ಲಿ ಬೆಳಕಾಗುತ್ತಿದ್ದುದು ಸುಮಾರು 5 ಪಾಲು, ಮಿಕ್ಕಿದ್ದೆಲ್ಲ ಶಾಖ. 60 ವ್ಯಾಟ್ ಬಲ್ಬು ಕೊಡುತ್ತಿದ್ದ ಬೆಳಕನ್ನು ಎಲ್‌ಇಡಿ 9 ವ್ಯಾಟಿನ ಆಸುಪಾಸಿನಲ್ಲೇ ಕೊಡುತ್ತದೆ. ಪೋಲು ಎಲ್ಲಾಗುತ್ತಿದೆ ಎಂದು ಹುಡುಕಿ ಅಲ್ಲಿಗೇ ಕೈಹಾಕುವ ಈ ಬಗೆಯ ಆವಿಷ್ಕಾರದ ಮೇಲೆ ನನಗೆ ದೊಡ್ಡ ಭರವಸೆ.

ಒಂದು ಎಚ್ಚರಿಕೆಯ ಮಾತೂ ಇದೆ. ಉಗಿಯಂತ್ರ ಕಲ್ಲಿದ್ದಲನ್ನು ಮಿತವಾಗಿ ಬಳಸತೊಡಗಿದಷ್ಟೂ ಕಲ್ಲಿದ್ದಲಿನ ಒಟ್ಟು ಬಳಕೆ ಏರುತ್ತದೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಬರೆದಿದ್ದರು. ಅಗ್ಗವಾದದ್ದನ್ನು ನಾವು ಹೆಚ್ಚು ಬಳಸುತ್ತೇವೆ. ಬೆಳಕು ಅಗ್ಗವಾದ ಮೇಲೆ ಯಾರೂ ಓದದ ಫಲಕವೂ ರಾತ್ರಿಯಿಡೀ ಉರಿಯುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆ ಅಂಟು. ಚಿಪ್‌ನೊಳಗೆ 30 ವರ್ಷದ ಜಾಣ್ಮೆ ತುಂಬಿ, ಹೊರಗೆ ಅದನ್ನು ಬಿಚ್ಚಲಾಗದಂತೆ ಮುಚ್ಚಿಬಿಟ್ಟಿದ್ದೇವೆ. ರಿಪೇರಿ ಮಾಡಬಹುದಾದ ವಸ್ತುವನ್ನು ರೂಪಿಸುವುದೂ ಆವಿಷ್ಕಾರವೇ, ನನ್ನ ಮಟ್ಟಿಗೆ ಅದು ಕಡಿಮೆ ದರ್ಜೆಯದಲ್ಲ. ಅಂಟಿನ ಬದಲು ತಿರುಪು, ಕೆಟ್ಟ ಭಾಗವಷ್ಟೇ ಕೈಗೆ ಬರುವಂಥ ಜೋಡಣೆ, ಬಿಡಿಭಾಗದ ಮೇಲೆ ಸ್ಪಷ್ಟವಾದ ನಂಬರು: ಇವಕ್ಕೆ ಹೊಸ ಭೌತಶಾಸ್ತ್ರ ಬೇಕಿಲ್ಲ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟೀನ್ ಪೋಸ್ಟ್ಮಾ ಎಂಬವರು ಜನರನ್ನು ಒಂದೆಡೆ ಸೇರಿಸಿ, ಕೆಟ್ಟ ವಸ್ತುಗಳನ್ನು ಜೊತೆಯಾಗಿ ಕೂತು ಸರಿಪಡಿಸುವ ರಿಪೇರಿ ಕೆಫೆ ಶುರುಮಾಡಿದರು. ಅದು ಇಂದು ಹಲವು ದೇಶಗಳಿಗೆ ಹಬ್ಬಿದೆ. ಕಾನೂನೂ ಮೆಲ್ಲಗೆ ಇತ್ತ ತಿರುಗುತ್ತಿದೆ. ಕೈಯಲ್ಲಿ ಹಿಡಿದು ಓಡಾಡುವ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು ಎಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ನಿಯಮ ಮಾಡಿತು. ಕೆಲವು ವಿನಾಯಿತಿಗಳೊಂದಿಗೆ ಅದು ಅನ್ವಯವಾಗುವುದು 2027ರ ಫೆಬ್ರವರಿಯಿಂದ. ಬ್ಯಾಟರಿ ಸೋತಿತೆಂದು ಗಟ್ಟಿಮುಟ್ಟಾದ ಫೋನನ್ನೇ ಎಸೆದವರಿಗೆ ಇದರ ಬೆಲೆ ಗೊತ್ತು.

ನಿನ್ನೆ ರಾತ್ರಿ ಆ ತಗಡನ್ನು ಮತ್ತೆ ಕೈಗೆತ್ತಿಕೊಂಡೆ. ಎಲ್‌ಇಡಿ ಪರೀಕ್ಷಿಸುವ ಪುಟ್ಟ ಸಾಧನದ ಎರಡು ಮೊನೆಗಳನ್ನು ಒಂದೊಂದೇ ಚುಕ್ಕೆಗೆ ತಾಗಿಸುತ್ತ ಹೋದೆ. ಕಪ್ಪು ಕಲೆಯದು ಸುಮ್ಮನಿತ್ತು. ಉಳಿದ 11 ಚುಕ್ಕೆಗಳೂ ಮುಟ್ಟಿದ ಕೂಡಲೇ ಬೆಳಗಿದವು.

ನಮಸ್ಕಾರ.